ಹದಿನೇಳನೇ ಸಾಲು

ಏಕಾಂತಯ್ಯ ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ ಓಡಿಸಿದವರು. ಎಡಗಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ಅವರನ್ನು ಸ್ಟಿಯರಿಂಗ್‌ನಿಂದ ಇಳಿಸಿ ಡಿಪೋದ ಒಂದು ಮೇಜಿನ ಹಿಂದೆ ಕೂರಿಸಿದರು. ಅಲ್ಲಿ ಎರಡು ವರ್ಷ ಕೂತು ನಿವೃತ್ತರಾದರು. ಸರ್ವಿಸ್ ಎಷ್ಟು ಎಂದು ಯಾರಾದರೂ ಕೇಳಿದರೆ ಆ ಎರಡು ವರ್ಷವನ್ನು ಅವರು ಲೆಕ್ಕಕ್ಕೆ ಸೇರಿಸುವುದಿಲ್ಲ.

ಮಗಳು ಶಿಲ್ಪಶ್ರೀ ಮದುವೆಯಾಗಿ ಜೆ.ಪಿ. ನಗರಕ್ಕೆ ಹೋಗುವಾಗ ತನ್ನ ಕಾಲೇಜು ಕಾಲದ ಕಂಪ್ಯೂಟರನ್ನು ಕತ್ರಿಗುಪ್ಪೆಯ ಮನೆಯಲ್ಲೇ ಬಿಟ್ಟಿದ್ದಳು. ಅದರಲ್ಲಿ ಹದಿನೆಂಟು ವರ್ಷ ಹಳೆಯ ಒಂದು ಲಾರಿ ಓಡಿಸುವ ಗೇಮ್ ಇತ್ತು. ಅಪ್ಪ ಕಿಟಕಿಯ ಹತ್ತಿರ ಕೂತು ರಸ್ತೆಯ ಬಸ್ಸುಗಳನ್ನು ಬೈಯುತ್ತಿರುವುದನ್ನು ನೋಡಲಾರದೆ, ಯಾರೋ ಬಳಸಿ ಬಿಟ್ಟಿದ್ದ ಗೇಮಿನ ಸ್ಟಿಯರಿಂಗನ್ನೂ ಪೆಡಲುಗಳನ್ನೂ ತಂದು ಜೋಡಿಸಿಕೊಟ್ಟಳು. ಅಂದಿನಿಂದ ದಿನಾ ತಿಂಡಿಯಾದ ಮೇಲೆ ಹತ್ತರಿಂದ ಹನ್ನೆರಡರವರೆಗೆ ಏಕಾಂತಯ್ಯನವರ ಡ್ಯೂಟಿ.

"ಅಷ್ಟು ವರ್ಷ ಓಡ್ಸಿದ್ದು ಸಾಲ್ದಾ? ಈಗ ಗೋಡೆ ಕಡೆ ಮುಖ ಮಾಡ್ಕೊಂಡು ಓಡಿಸ್ಬೇಕಾ?" ಎಂದು ಹೆಂಡತಿ ಬಸವಲಿಂಗಮ್ಮ ಕೇಳುತ್ತಿದ್ದರು. ಏಕಾಂತಯ್ಯ ಉತ್ತರಿಸುತ್ತಿರಲಿಲ್ಲ. ಚಾಲಕನೊಂದಿಗೆ ಮಾತನಾಡಬಾರದು.

ತೊಂದರೆ ಒಂದೇ. ಲಾರಿ ಊರೊಳಗೆ ಬಂದ ಕೂಡಲೇ ಪರದೆ ಮುಗ್ಗರಿಸುತ್ತಿತ್ತು. ಸ್ಟಿಯರಿಂಗ್ ತಿರುಗಿಸಿ ಅರೆಗಳಿಗೆಯಾದ ಮೇಲೆ ಗಾಡಿ ತಿರುಗುವುದು. ಕೈ ಹೇಳಿದ್ದನ್ನು ಗಾಡಿ ಆಗಲೇ ಕೇಳಬೇಕು. ಆಮೇಲೆ ಕೇಳುವುದು ಗಾಡಿಯಲ್ಲ, ಕಚೇರಿ. ಅವರಿಗೆ ಮೈ ಉರಿಯಿತು. ಕಂಪ್ಯೂಟರಿನ ಡಬ್ಬವನ್ನು ಆಟೋದಲ್ಲಿಟ್ಟುಕೊಂಡು ಮೇನ್ ರೋಡಿನ ಕೈಲಾಸನ ಅಂಗಡಿಗೆ ಹೋದರು.

ಕೈಲಾಸನಿಗೆ ಮೂವತ್ತೊಂದು ವರ್ಷ. ಅಂಗಡಿಯ ಗಾಜಿನ ಹಿಂದೆ ಕೆಂಪು, ನೀಲಿ ಲೈಟು ಹೊತ್ತಿಕೊಂಡ ಕಂಪ್ಯೂಟರುಗಳ ಸಾಲು, ಗಣೇಶನ ಪೆಂಡಾಲಿನ ಹಾಗೆ. ಅವನದೊಂದು ಯೂಟ್ಯೂಬ್ ಚಾನೆಲ್ ಕೂಡ ಇತ್ತು. ಯಾವ ಗೇಮಿಗೆ ಏನೇ ಕಾಯಿಲೆ ಬಂದರೂ ಅದರಲ್ಲಿ ಅವನು ಹೇಳುವ ಮದ್ದು ಒಂದೇ: ಹೊಸದು ತಗೊಳ್ಳಿ. ಏಕಾಂತಯ್ಯನವರ ಡಬ್ಬವನ್ನು ಅವನು ಕರೆಂಟಿಗೂ ಹಾಕಲಿಲ್ಲ, ಬೆರಳಲ್ಲಿ ಒಮ್ಮೆ ತಟ್ಟಿದ.

"ಅಂಕಲ್, ಇದನ್ನ ಗುಜರಿಯವ್ನೂ ತಗೊಳಲ್ಲ."

"ಒಂದ್ಸಲ ಹಾಕಿ ನೋಡಪ್ಪ. ಊರೊಳಗೆ ಹೋದಾಗ ಮಾತ್ರ ಎಳೆಯತ್ತೆ."

"ನೋಡೋಕೇನಿದೆ? ಹೊಸ ಸೆಟ್ ಹಾಕ್ಸಿ. ಇಲ್ಲ ಅಂದ್ರೆ ಪಾರ್ಕಲ್ಲಿ ವಾಕ್ ಮಾಡಿ. ಈ ವಯಸ್ಸಲ್ಲಿ ಗೇಮ್ ಯಾಕೆ ಅಂಕಲ್?"

ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ಏಕಾಂತಯ್ಯ ಡಬ್ಬ ಎತ್ತಿಕೊಂಡು ಬಂದರು. "ಬಾನೆಟ್ ಎತ್ತದೆ ಇಂಜಿನ್ ಹೋಗಿದೆ ಅನ್ನೋನು ಮೆಕ್ಯಾನಿಕ್ ಅಲ್ಲ, ದಲ್ಲಾಳಿ" ಎಂದು ಮನೆಯಲ್ಲಿ ಹೇಳಿ, ಮಗಳಿಗೆ ಫೋನ್ ಮಾಡಿದರು.

"ಗೇಮಿನ ಫೋಲ್ಡರಲ್ಲಿ ಸೆಟ್ಟಿಂಗ್ಸ್ ಅಂತ ಒಂದು ಫೈಲ್ ಇರತ್ತೆ ಅಪ್ಪಾ" ಎಂದಳು ಶಿಲ್ಪಶ್ರೀ. "ನೋಟ್‌ಪ್ಯಾಡಲ್ಲಿ ಓಪನ್ ಮಾಡಿ. ಮೊದ್ಲು ಒಂದು ಕಾಪಿ ತೆಗೆದಿಟ್ಕೊಳ್ಳಿ, ಆಮೇಲೆ ನಂಬರ್‌ಗಳನ್ನ ಬದಲಾಯಿಸಿ ನೋಡಿ."

ಫೈಲಿನಲ್ಲಿ ನಲವತ್ಮೂರು ಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ಒಂದು ಇಂಗ್ಲಿಷ್ ಪದ, ಅದರ ಮುಂದೆ ಒಂದು ಸಂಖ್ಯೆ. ಫೋನಿನಲ್ಲಿ ಅರ್ಥ ಹುಡುಕಿ ಏಕಾಂತಯ್ಯ ಅಷ್ಟನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ದಿನಕ್ಕೆ ಒಂದೋ ಎರಡೋ ಸಾಲು ಬದಲಾಯಿಸುವುದು, ಬೆಟ್ಟದ ಮೇಲಿನ ಊರಿನಿಂದ ಘಾಟಿ ಇಳಿದು ಟೋಲ್ ಗೇಟಿನವರೆಗೆ ಒಂದೇ ದಾರಿಯಲ್ಲಿ ಓಡಿಸುವುದು, ಎಷ್ಟು ಕಡೆ ಮುಗ್ಗರಿಸಿತು ಎಂದು ಬರೆಯುವುದು. ಮೊದಲ ದಿನ ಮಾಡಿದ್ದು ಮರುದಿನ ಅಳಿಸಿಹೋಗಿತ್ತು. ಅವರು ಹೆಂಡತಿಯ ಕಡೆ ನೋಡಿದರು.

"ನಾನು ಮೇಲೆ ಧೂಳು ಒರೆಸ್ದೆ ಅಷ್ಟೆ. ಅದರೊಳಗೆ ಕೈ ಹಾಕಿಲ್ಲ" ಎಂದರು ಬಸವಲಿಂಗಮ್ಮ.

ಗೇಮ್ ಮುಚ್ಚುವಾಗ ತಾನೇ ಹಳೆಯ ಸಂಖ್ಯೆಗಳನ್ನು ತಿರುಗಿ ಬರೆಯುತ್ತದೆ, ಫೈಲಿಗೆ 'ಓದಲು ಮಾತ್ರ' ಎಂದು ಗುರುತು ಹಾಕಿ ಬೀಗ ಜಡಿಯಬೇಕು ಎಂದು ಮಗಳು ಹೇಳಿಕೊಟ್ಟ ಮೇಲೆ ಕೆಲಸ ಸಾಗಿತು. ನೆರಳುಗಳನ್ನು ಕಾಲು ಭಾಗಕ್ಕೆ ಇಳಿಸಿದರು. ದೂರದ ಮರಗಳನ್ನು ಕಡಿದುಹಾಕಿದರು. ಲಾರಿಯ ಪಕ್ಕದ ಕನ್ನಡಿಗಳು ಎಲ್ಲವನ್ನೂ ಎರಡನೇ ಸಲ ಚಿತ್ರಿಸುವುದರಿಂದ ಅವನ್ನು ತೆಗೆದರೆ ಗೇಮ್ ಬಹಳ ಹಗುರಾಗುತ್ತಿತ್ತು. ಅದನ್ನು ಮಾತ್ರ ಅವರು ಮುಟ್ಟಲಿಲ್ಲ. ಕನ್ನಡಿ ನೋಡದೆ ಗಾಡಿ ತೆಗೆಯುವವರನ್ನು ಅವರು ಜೀವಮಾನವಿಡೀ ಬೈದಿದ್ದರು.

ಕೊನೆಗೆ ಹದಿನೇಳನೇ ಸಾಲು. ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಚಿತ್ರ ತೋರಿಸಬೇಕು ಎಂಬ ಮಿತಿ ಅದು. ಅಲ್ಲಿ ಅರವತ್ತು ಎಂದಿತ್ತು. ಇವರ ಕಂಪ್ಯೂಟರು ಒಮ್ಮೆ ಐವತ್ತು, ಒಮ್ಮೆ ಇಪ್ಪತ್ತೈದು ಎಂದು ಏರಿಳಿಯುತ್ತಿದ್ದುದೇ ಮುಗ್ಗರಿಸುವುದಕ್ಕೆ ಕಾರಣ. ಮೂವತ್ತಕ್ಕೆ ಕಟ್ಟಿದರು. ರಸ್ತೆ ಎಣ್ಣೆ ಸವರಿದ ಹಾಗೆ ಹರಿಯಿತು. ಕುತೂಹಲಕ್ಕೆ ಮಿತಿಯನ್ನೇ ತೆಗೆದು ಊರಾಚೆಯ ಖಾಲಿ ರಸ್ತೆಯಲ್ಲಿ ಓಡಿಸಿದಾಗ ಬ್ರೇಕು ಸಡಿಲಾಯಿತು. ಮೂರು ಸಲ ನೋಡಿದರು. ಹಳೆಯ ಗೇಮು ಬ್ರೇಕಿನ ಲೆಕ್ಕವನ್ನು ಚಿತ್ರದ ಲೆಕ್ಕಕ್ಕೆ ಗಂಟು ಹಾಕಿಕೊಂಡಿತ್ತು. ಚಿತ್ರ ಹೆಚ್ಚಾದಷ್ಟೂ ಬ್ರೇಕು ಹಿಡಿಯದು. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡರು: 'ಅರವತ್ತು ದಾಟಬಾರದು.'

ಹನ್ನೊಂದು ದಿನದಲ್ಲಿ ಗುಜರಿಯವನೂ ಒಲ್ಲದ ಡಬ್ಬದ ಮೇಲೆ ಲಾರಿ ಬೆಣ್ಣೆಯಂತೆ ಓಡಿತು. ಶಿಲ್ಪಶ್ರೀಗೆ ಹೆಮ್ಮೆ. ಕೈಲಾಸನ ಅಂಗಡಿಯ ಮುಂದೆ ಹೋಗುವಾಗ ಒಳಗೆ ಹೋಗಿ ಹೇಳಿಯೇ ಬಂದಳು. ಮಾರನೆಯ ದಿನ ಕೈಲಾಸ ಮನೆಗೇ ಬಂದ.

"ಆ ಫೈಲ್ ಸ್ವಲ್ಪ ಕೊಡ್ತೀರಾ ಅಂಕಲ್? ಸುಮ್ನೆ ನೋಡೋಣ ಅಂತ."

ಬಸವಲಿಂಗಮ್ಮ ಕಾಫಿ ಕೊಟ್ಟರು. ಏಕಾಂತಯ್ಯ ಪೆನ್ ಡ್ರೈವಿನಲ್ಲಿ ಫೈಲು ಹಾಕಿಕೊಟ್ಟು, ನೋಟ್‌ಬುಕ್ ಬಿಡಿಸಿ ಒಂದೊಂದೇ ಸಾಲು ವಿವರಿಸತೊಡಗಿದರು. ಕೈಲಾಸ ತನ್ನ ಫೋನು ನೋಡುತ್ತಿದ್ದ.

"ಹದಿನೇಳನೇ ಸಾಲು ಹುಷಾರು" ಎಂದರು.

"ಸರಿ ಸರಿ ಅಂಕಲ್, ಇದೇ ಅಲ್ವಾ ನನ್ ಕೆಲ್ಸ? ನಾನ್ ನೋಡ್ಕೋತೀನಿ."

ನಾಲ್ಕು ದಿನಕ್ಕೆ ವಿಡಿಯೋ ಬಂತು. 'ಮೂರು ತಿಂಗಳ ರಿಸರ್ಚ್ ಮಾಡಿ ನಾನೇ ತಯಾರಿಸಿದ ಸೀಕ್ರೆಟ್ ಫೈಲ್' ಎಂದು ಕೈಲಾಸ ಎದೆ ಮುಟ್ಟಿಕೊಂಡು ಹೇಳಿದ. ಇಳಿಸಿಕೊಂಡು ನೋಡಿದರೆ ನಲವತ್ಮೂರು ಸಾಲು ಇನ್ನೂರಾಗಿತ್ತು. ಬೇರೆ ಗೇಮುಗಳಿಂದ ಕಿತ್ತು ತಂದು ತುಂಬಿದ ಸಾಲುಗಳು. ಈ ಗೇಮು ಅವನ್ನು ಓದುವುದೂ ಇಲ್ಲ. ಕನ್ನಡಿಗಳನ್ನು ತೆಗೆದುಹಾಕಿದ್ದ. ಹದಿನೇಳನೇ ಸಾಲಿನಲ್ಲಿ ಮೂವತ್ತರ ಜಾಗದಲ್ಲಿ ಮುನ್ನೂರು. ಮೂವತ್ತಕ್ಕಿಂತ ಮುನ್ನೂರು ದೊಡ್ಡದು ಎಂಬಲ್ಲಿಗೆ ಅವನ ವಿದ್ಯೆ ಮುಗಿದಿತ್ತು.

"ಅದೂ ನಮ್ಮನೆ ಕಾಫಿ ಕುಡ್ಕೊಂಡು!" ಎಂದರು ಬಸವಲಿಂಗಮ್ಮ.

ಮನೆಗೆ ಬಂದಿದ್ದ ಶಿಲ್ಪಶ್ರೀ ಆಗಲೇ ವಿಡಿಯೋದ ಕೆಳಗೆ ಬರೆಯಲು ಹೊರಟಳು. ಏಕಾಂತಯ್ಯ ತಡೆದರು. "ಈಗ್ಲೇ ಬೇಡ. ಘಾಟಿ ಇಳಿಯೋವರೆಗೂ ಎಲ್ರೂ ಡ್ರೈವರ್‌ಗಳೇ."

ಮೂರನೇ ದಿನದಿಂದ ದೂರುಗಳು ಶುರುವಾದವು. ಲಾರಿ ನಿಲ್ಲುತ್ತಿಲ್ಲ, ಬ್ರೇಕ್ ಒತ್ತಿದರೂ ಹೋಗಿ ಗುದ್ದುತ್ತದೆ. ಕೈಲಾಸ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: ನಿಮ್ಮ ಪಿ.ಸಿ. ಹಳೆಯದು, ಅಪ್‌ಗ್ರೇಡ್ ಮಾಡಿ. ಏಕಾಂತಯ್ಯ ಕನ್ನಡಕ ಹಾಕಿಕೊಂಡು ದಿನಾ ಓದಿದರು, ಬೇರೆಯವರು ಪೇಪರ್ ಓದುವ ಹಾಗೆ. ದೂರು ಜಾಸ್ತಿಯಾದಾಗ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯ ಅತಿ ದೊಡ್ಡ ಯಂತ್ರದ ಮೇಲೆ ಲೈವ್ ಆಗಿ ತೋರಿಸುತ್ತೇನೆ, ಯಾರು ಬೇಕಾದರೂ ಬಂದು ನೋಡಿ ಎಂದು ಕೈಲಾಸ ಪ್ರಕಟಿಸಿದ.

ಏಕಾಂತಯ್ಯ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದರು. ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ಜನ. ಕ್ಯಾಮೆರಾದ ಮುಂದೆ ಕೈಲಾಸ ಲಾರಿ ಹೊರಡಿಸಿದ. ಘಾಟಿಯ ಮೊದಲ ತಿರುವಿನಲ್ಲೇ ವೇಗ ಕೈ ಮೀರಿತು. ಅವನು ಬ್ರೇಕು ತುಳಿದ. ಸೊಳ್ಳೆ ಕಚ್ಚಿದಷ್ಟೂ ಪರಿಣಾಮವಾಗಲಿಲ್ಲ. ಲಾರಿ ಟೋಲ್ ಗೇಟನ್ನು ಮುರಿದುಕೊಂಡು ಹೋಗಿ ಮಗುಚಿತು. ಎರಡನೇ ಸಲವೂ ಅಷ್ಟೆ. ಮೂರನೇ ಸಲ ಗೇಟಿನವರೆಗೂ ಹೋಗಲಿಲ್ಲ.

"ಗೇಮಲ್ಲೇ ಬಗ್ ಇದೆ ಗುರು" ಎಂದು ಬೆವರು ಒರೆಸಿಕೊಂಡ ಕೈಲಾಸನ ಕಣ್ಣಿಗೆ ಹಿಂದೆ ನಿಂತಿದ್ದ ಏಕಾಂತಯ್ಯ ಬಿದ್ದರು. ಮುಳುಗುವವನಿಗೆ ದಡ ಸಿಕ್ಕಿದಂತಾಯಿತು. "ನೋಡಿ, ಇವ್ರೇ ಕೊಟ್ಟಿದ್ದು ಫೈಲ್! ಅಂಕಲ್, ಏನ್ ಫೈಲ್ ಕೊಟ್ರಿ ನೀವು? ನಿಮ್ಮ ಫೈಲಲ್ಲೇ ಪ್ರಾಬ್ಲಂ ಇದೆ!"

ಮುಂದಿದ್ದ ಹುಡುಗಿಯೊಬ್ಬಳು ಕೇಳಿದಳು. "ಮೂರು ತಿಂಗ್ಳು ರಿಸರ್ಚ್ ಮಾಡಿದ್ದು ನೀವು ಅಂದ್ರಲ್ಲಾ ಬ್ರೋ?"

ನಗೆ ಎದ್ದಿತು. ಕ್ಯಾಮೆರಾ ಇನ್ನೂ ನಡೆಯುತ್ತಿತ್ತು. ಏಕಾಂತಯ್ಯ ಮುಂದೆ ಬಂದರು.

"ಹದಿನೇಳನೇ ಸಾಲು ಏನ್ ಮಾಡತ್ತಪ್ಪಾ?"

"ಅದು... ಪರ್ಫಾರ್ಮೆನ್ಸ್‌ದು."

"ಯಾರ ಪರ್ಫಾರ್ಮೆನ್ಸು?"

ಕೈಲಾಸ ಮೌಸನ್ನು ಸುಮ್ಮನೆ ಅತ್ತ ಇತ್ತ ಆಡಿಸಿದ. "ಏಳು" ಎಂದರು ಏಕಾಂತಯ್ಯ. ಸೀಟಿನ ಎತ್ತರ ಸರಿಮಾಡಿಕೊಂಡು ಕೂತು ಫೈಲು ತೆಗೆದರು. ಕನ್ನಡಿಗಳನ್ನು ವಾಪಸ್ ತಂದರು. "ನಂದು ಹಳೇ ಗಾಡಿ, ಅದಕ್ಕೆ ಮೂವತ್ತು ಹಾಕಿದ್ದೆ. ಇದು ದೊಡ್ಡ ಗಾಡಿ, ಅರವತ್ತು ಹಾಕ್ಬೋದು. ಅದರ ಮೇಲೆ ಹೋದ್ರೆ ಬ್ರೇಕ್ ಇರಲ್ಲ" ಎಂದು ಜನರಿಗೆ ಹೇಳಿದರೇ ಹೊರತು ಅವನಿಗಲ್ಲ. ಎರಡನೇ ಗೇರಿನಲ್ಲಿ ಘಾಟಿ ಇಳಿಸಿ, ಟೋಲ್ ಗೇಟಿನ ಕಂಬಿಗೆ ಒಂದು ಗೇಣು ಇರುವಂತೆ ಲಾರಿ ನಿಲ್ಲಿಸಿ, ಎದ್ದು ಬಂದರು. ಅವನ ಮುಖ ನೋಡಲಿಲ್ಲ. ನೋಡುವಂಥದ್ದು ಅಲ್ಲಿ ಏನಿತ್ತು?

ಮಧ್ಯಾಹ್ನಕ್ಕೆಲ್ಲ ವಿಡಿಯೋ ಮಾಯವಾಯಿತು. ವಾರದ ನಂತರ ಅರವತ್ತು ಎಂದು ತಿದ್ದಿದ ಹೊಸದೊಂದು ಬಂತು. 'ವೀಕ್ಷಕರ ಸಲಹೆಯಂತೆ ಸುಧಾರಿಸಲಾಗಿದೆ.' ಕ್ಷಮೆಯಿರಲಿಲ್ಲ, ಹೆಸರಿರಲಿಲ್ಲ. ಏಕಾಂತಯ್ಯ ಬೇರೇನನ್ನೂ ನಿರೀಕ್ಷಿಸಿರಲಿಲ್ಲ.

ಆದರೆ ಹಳೆಯ ದೂರುಗಳಲ್ಲಿ ಒಂದು ಅವರ ತಲೆಯಿಂದ ಹೋಗಲಿಲ್ಲ. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದ ತಿಪ್ಪಣ್ಣ ಎಂಬವನು ಬರೆದಿದ್ದ: ಫೈಲ್ ಹಾಕಿ ಕೆಟ್ಟ ಮೇಲೆ ಗೇಮನ್ನೇ ಅಳಿಸಿ ಮತ್ತೆ ಹಾಕಿದೆ, ನಾಲ್ಕು ವರ್ಷ ಓಡಿಸಿದ್ದೆಲ್ಲ ಹೋಯಿತು. ಅದು ಬಂದ ದಿನವನ್ನು ನೆನಪಿಸಿಕೊಂಡರು. ತಾವು ಮಗಳ ಕೈ ತಡೆದು, ಕನ್ನಡಕ ಹಾಕಿಕೊಂಡು ಮಜಾ ನೋಡುತ್ತಿದ್ದ ದಿನಗಳಲ್ಲಿ ಒಂದು ಅದು. ಒಂದು ಸಾಲು ಬರೆದು ಎಚ್ಚರಿಸಿದ್ದರೆ ಸಾಕಿತ್ತು. ಎರಡು ದಿನ ಅವರು ಸ್ಟಿಯರಿಂಗ್ ಮುಟ್ಟಲಿಲ್ಲ.

ಮೂರನೇ ದಿನ ಮಗಳನ್ನು ಕರೆಸಿ ನಲವತ್ಮೂರೂ ಸಾಲುಗಳ ಅರ್ಥವನ್ನು ಕನ್ನಡದಲ್ಲಿ ಬರೆಸಿ, ಎಲ್ಲರಿಗೂ ಸಿಗುವಂತೆ ಇಂಟರ್‌ನೆಟ್ಟಿಗೆ ಹಾಕಿಸಿದರು. ತಿಪ್ಪಣ್ಣನ ನಂಬರ್ ಪತ್ತೆ ಮಾಡಿಸಿ ಫೋನ್ ಮಾಡಿದರು.

"ನನಗೆ ಮೊದ್ಲೇ ಗೊತ್ತಿತ್ತಪ್ಪ, ಹೇಳ್ಲಿಲ್ಲ. ತಪ್ಪಾಯ್ತು" ಎಂದರು.

"ಇರ್ಲಿ ಬಿಡ್ರಿ ಕಾಕಾ" ಎಂದ ತಿಪ್ಪಣ್ಣ. "ಮತ್ತ ಮೊದಲಿಂದ ಹೊಡಿತೀನಿ. ಆದ್ರ ಘಾಟಿ ಇಳಿಯೂಮುಂದ ಯಾವ ಗೇರ್ ಹಾಕ್ಬೇಕ್ರಿ? ನಂದು ಸುಮ್ ಸುಮ್ನ ಬಂದ್ ಬೀಳ್ತದ."

ಏಕಾಂತಯ್ಯ ಕುರ್ಚಿ ಎಳೆದುಕೊಂಡು ಕೂತರು. ಊಟಕ್ಕೆ ಬಸವಲಿಂಗಮ್ಮ ಮೂರು ಸಲ ಕರೆದರೂ ಅವರ ಮಾತು ಮುಗಿಯಲಿಲ್ಲ.