ಗಡಿಬಿಡಿ ತಂದ ಗಾಳಿ ಬಂದೂಕು

ಅಜ್ಜಿಯ ಕಥೆಗಳಲ್ಲಿ ಒಂದು ಹೊಳೆ ಇರುತ್ತಿತ್ತು. ಅದನ್ನು ದಾಟಿದ್ದೇ ತಡ, ಸಾಧು ಹಸು ಹುಲಿಯಾಗಿಬಿಡುತ್ತಿತ್ತು. ನಮ್ಮೂರ ಹೊಳೆಯೂ ಅಂಥದ್ದೇ. ಆಚೆ ದಡ ಬೇರೆ ದೇಶ. ನಡುವೆ ಒಂದು ಸೇತುವೆ, ಒಂದು ತಪಾಸಣಾ ಠಾಣೆ.

ಈಚೆ ದಡದ ಬೇಕರಿಯಲ್ಲಿ ಪಾರಿವಾಳಗಳ ಕಾಟ ಹೇಳತೀರದು. ತಗಡಿನ ಸಂದಿಯಿಂದ ನುಗ್ಗಿ ಮೈದಾ ಮೂಟೆ ಕುಕ್ಕುತ್ತಿದ್ದವು, ಆರಲು ಇಟ್ಟ ಬ್ರೆಡ್ಡಿನ ಮೇಲೆ ಹಿಕ್ಕೆ ಹಾಕುತ್ತಿದ್ದವು. ಬೇಕರಿಯವನ ತಮ್ಮ ಲಾರಿ ಓಡಿಸುವವನು. ವಾರವಾರ ಗಡಿ ದಾಟುತ್ತಿದ್ದ, ಎಲ್ಲದಕ್ಕೂ ಅವಸರ; ಊರವರು ಅವನನ್ನು 'ಗಡಿಬಿಡಿ' ಎಂದೇ ಕರೆಯುತ್ತಿದ್ದರು. ಆಚೆ ದಡದ ಅಂಗಡಿಯಿಂದ ಅವನು ಒಂದು ಗಾಳಿ ಬಂದೂಕು ತಂದ. ಪಾರಿವಾಳಗಳು ಹಾರಿಹೋದವು. ಅಣ್ಣ ಬೆನ್ನು ತಟ್ಟಿ, "ಗೋದಾಮಿಗೂ ಒಂದು ಬೇಕಲ್ಲೋ" ಎಂದ.

ಎರಡನೆಯದನ್ನು ತರುವಾಗ ಸೇತುವೆಯ ಮೇಲೆ ಲಾರಿಯ ತಪಾಸಣೆ ನಡೆಯಿತು. ಗಡಿಬಿಡಿ ಮನೆಗೆ ಬರಲಿಲ್ಲ.

ಮರುದಿನ ಬೇಕರಿಯ ಒಲೆ ಹೊತ್ತಲಿಲ್ಲ. ಪಕ್ಕದ ಮನೆಯ ವಕೀಲಮ್ಮ ಠಾಣೆಗೆ ಹೋಗಿ ಅವನನ್ನು ನೋಡಿಕೊಂಡು ಬಂದು, ಬೆಂಚಿನ ಮೇಲೆ ಕೂತು, "ಲೈಸೆನ್ಸ್ ಇಲ್ಲದ ಬಂದೂಕು ತಂದ ಅಂತ ಹಿಡಿದಿದಾರೆ" ಎಂದರು.

"ಗಾಳಿಗೂ ಲೈಸೆನ್ಸಾ?" ಬೇಕರಿಯವನು ರೇಗಿದ. "ಹಾಗಾದ್ರೆ ಸೈಕಲ್ ಪಂಪಿಗೂ ಲೈಸೆನ್ಸ್ ಮಾಡಿಸ್ಬೇಕೇನಮ್ಮಾ?"

"ಸೈಕಲ್ ಪಂಪು ಯಾರ ಕಣ್ಣೂ ತೆಗೆಯಲ್ಲ ಅಣ್ಣಾ. ಇದರ ಸೀಸದ ಗುಂಡು ತೆಗೆಯುತ್ತೆ. ಆಚೆ ಕಾನೂನಲ್ಲಿ ಇದು ಬಂದೂಕಿನ ಲೆಕ್ಕಕ್ಕೇ ಬರಲ್ಲ, ದೊಡ್ಡವರು ಯಾರು ಬೇಕಾದ್ರೂ ಕೊಳ್ಳಬಹುದು. ಈಚೆ ಹಾಗಲ್ಲ. ಗುಂಡಿನ ವೇಗ, ನಳಿಗೆಯ ಅಗಲ ನೋಡ್ತಾರೆ. ಮಿತಿ ಮೀರಿದ್ರೆ ಅದೂ ಬಂದೂಕೇ. ಇಟ್ಕೊಳ್ಳೋಕೆ ಲೈಸೆನ್ಸ್ ಬೇಕು, ಗಡಿ ದಾಟಿಸೋಕೆ ಬೇರೆ ಅನುಮತಿ ಬೇಕು."

"ಅಂಗಡಿಯವನು ಮೊಹರು ಹಾಕಿ ರಸೀದಿ ಕೊಟ್ಟಿದಾನಲ್ಲ!"

"ರಸೀದಿ ಅಂದ್ರೆ ಕದ್ದಿಲ್ಲ ಅಂತ ಅಷ್ಟೇ. ಆಚೆಯವರ ಲೈಸೆನ್ಸೇ ಇದ್ದಿದ್ರೂ ಈಚೆ ನಡೀತಿರಲಿಲ್ಲ. ಇಲ್ಲಿ ಲೈಸೆನ್ಸ್ ಇರೋ ಕೋವೀನ ಅಲ್ಲಿಗೆ ಒಯ್ದರೂ ಇದೇ ಪಾಡು."

ಅಷ್ಟು ಹೊತ್ತೂ ಖಾಲಿ ತಟ್ಟೆಯನ್ನೇ ಒರೆಸುತ್ತಿದ್ದ ಬೇಕರಿಯವನ ಹೆಂಡತಿ ಮೂಟೆಗಳ ಕಡೆ ನೋಡಿದಳು. "ರೀ... ಆ ಮೊದಲನೇದು ಇನ್ನೂ ಅಲ್ಲೇ ಇದೆಯಲ್ಲ."

ಬೇಕರಿಯವನು ಮೂಟೆಗಳತ್ತ ಧಾವಿಸಿದ. "ಹೊಳೆಗೆ ಎಸೆದುಬಿಡ್ತೀನಿ. ಪೀಡೆ ತೊಲಗಲಿ."

"ಎಸೆದ್ರೆ ಸಾಕ್ಷಿ ನಾಶ ಮಾಡಿದ ಹಾಗೆ," ವಕೀಲಮ್ಮ ತಡೆದರು. "ಮನೇಲಿ ಇನ್ನೊಂದಿದೆ ಅಂತ ತಮ್ಮ ಠಾಣೇಲಿ ಆಗಲೇ ಹೇಳಿದಾನೆ. ಅವನನ್ನ ಸುಳ್ಳುಗಾರ ಮಾಡ್ಬೇಡಿ. ಬೀದೀಲಿ ಹೊತ್ಕೊಂಡೂ ಹೋಗ್ಬೇಡಿ. ಇದ್ದಲ್ಲೇ ಇರಲಿ, ನಾನು ಫೋನ್ ಮಾಡ್ತೀನಿ. ಪೊಲೀಸರೇ ಬಂದು ತಗೊಳ್ಳಲಿ."

"ನನ್ನನ್ನೂ ಹಿಡೀತಾರಾ?"

"ಕೇಸಂತೂ ಆಗುತ್ತೆ. ನಾವಾಗೇ ಒಪ್ಪಿಸಿದ್ರೆ ಕೋರ್ಟಲ್ಲಿ ಮಾತಾಡೋಕೆ ನನಗೊಂದು ಬಾಯಿ ಇರುತ್ತೆ, ಅಷ್ಟೇ."

"ಅವನು ತಂದಿದ್ದು ನೀವು ಕೇಳಿದ್ದಕ್ಕೆ ತಾನೇ?" ಹೆಂಡತಿ ಮೆಲ್ಲಗೆ ಅಂದಳು. "ಅವನೊಬ್ಬನೇ ಯಾಕೆ ಹೊರಬೇಕು?"

ಬೇಕರಿಯವನು ಮೂಟೆಗಳ ಬಳಿಯಿಂದ ಹಿಂದೆ ಸರಿದ. "ಮಾಡಿ ವಕೀಲಮ್ಮ, ಫೋನು."

ಪೊಲೀಸರು ಬಂದರು. ಬಂದೂಕು ಹೋಯಿತು, ಬೇಕರಿಯವನ ಮೇಲೂ ಕೇಸಾಯಿತು. ಗಡಿಬಿಡಿ ಇನ್ನೂ ಒಳಗೇ ಇದ್ದಾನೆ. ಅವನ ಲಾರಿ ಠಾಣೆಯ ಅಂಗಳದಲ್ಲಿ ಧೂಳು ತಿನ್ನುತ್ತಿದೆ. ಹೊಟ್ಟೆ ಕೇಳಬೇಕಲ್ಲ, ಒಲೆ ಮತ್ತೆ ಹೊತ್ತಿತು. ಅಭ್ಯಾಸಬಲದಿಂದ ಅತ್ತಿಗೆ ಅವನಿಗೆಂದು ಒಂದು ಬನ್ ಎತ್ತಿಟ್ಟಳು. ಪಾರಿವಾಳವೊಂದು ಇಳಿದು ಅದನ್ನು ಕುಕ್ಕಿತು. ಯಾರೂ ಓಡಿಸಲಿಲ್ಲ.

ಗಡಿಯೂರಿನ ಅಕ್ಕಂದಿರೇ, ಅಣ್ಣಂದಿರೇ, ಆಚೆ ದಡದ ಆಟದ ಸಾಮಾನು ಈಚೆ ದಡದಲ್ಲಿ ಬಂದೂಕಾದೀತು. ಮಾರುವವನ ಮಾತು ನಂಬಿ ತರಬೇಡಿ. ಎರಡೂ ಕಡೆಯ ಲೈಸೆನ್ಸ್ ಕಚೇರಿಯಲ್ಲಿ ಮೊದಲು ವಿಚಾರಿಸಿ. ಮನೆಯಲ್ಲಿ ಅಂಥದ್ದು ಈಗಾಗಲೇ ಇದ್ದರೆ ಅಡಗಿಸಬೇಡಿ, ಎಸೆಯಬೇಡಿ. ವಕೀಲರನ್ನು ಕೇಳಿ, ಠಾಣೆಗೆ ತಿಳಿಸಿ. ಗಡಿ ದಾಟುವಾಗ ಗಡಿಬಿಡಿ ಬೇಡ.

ಪಾರಿವಾಳಕ್ಕಾದರೋ, ಆ ತಗಡಿನ ಸಂದಿಗೊಂದು ಬಲೆ ಕಟ್ಟಿದ್ದರೆ ಸಾಕಾಗುತ್ತಿತ್ತು.