ಆ ಮಿಷನ್‌ಗೆ ಕಾಣದ್ದು

ನಂದಿಕೂರಿನ ಕರೆಂಟು ಸ್ಥಾವರದ ಚಿಮಣಿ ಬಸ್ಸಿನ ಕಿಟಕಿಯಲ್ಲಿ ಬಂತು, ಹಾಗಾದರೆ ಪಡುಬಿದ್ರಿ ಹತ್ತಿರವೇ, ಅಲ್ಲಿಂದ ಕಾಪು, ಮನೆ — ಕೈ ಮೂಸಿದರೆ ಇನ್ನೂ ಅಂಜಲ್ ಮೀನಿನ ವಾಸನೆ, ಪಕ್ಕದ ಹೆಂಗಸು ಮುಖ ತಿರುಗಿಸಿ ಕೂತಿದ್ದಾಳೆ, ಕೂರಲಿ, ನಾಲ್ಕು ಕಿಲೋದ ಅಂಜಲ್, ಬೆಳಿಗ್ಗೆ ಮಲ್ಪೆಯಲ್ಲಿ ನಾನೇ ಆರಿಸಿದ್ದು, ಕಾರ್ಕಳದವರೆಗೆ ಐಸಿನಲ್ಲಿಟ್ಟು ಒಯ್ದೆ, ಡಾಕ್ಟರ್ ಪ್ರತೀಕ್ ಬೇಡ ಬೇಡ ಅನ್ನುತ್ತಲೇ ತೆಗೆದುಕೊಂಡರು, ಮೂವತ್ತೆಂಟು ವರ್ಷ ಬೋಟು ಓಡಿಸಿದವನು ಮೀನಲ್ಲದೆ ಇನ್ನೇನು ಕೊಟ್ಟೇನು, ಅದೂ ಬದುಕಿಸಿದವರಿಗೆ, ಅದೂ ನಾನು ಬಾಯಿಗೆ ಬಂದಂತೆ ಬೈದವರಿಗೆ. ಹೋದ ವರ್ಷ ಮೂತ್ರಕ್ಕೆ ತೊಂದರೆಯಾಗಿ ಪರೀಕ್ಷೆಗೆ ರಕ್ತ ಕೊಟ್ಟದ್ದು, ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಲೆಕ್ಕವಂತೆ, ಪಿಎಸ್‌ಎ ಹನ್ನೊಂದು, ನಾಲ್ಕರೊಳಗೆ ಇರಬೇಕಂತೆ, ಕಾರ್ಕಳಕ್ಕೆ ಮದುವೆಯಾಗಿ ಹೋದ ಮಗಳು ನವ್ಯಶ್ರೀ ಅಪ್ಪ ಸುಮ್ಮನೆ ಬನ್ನಿ ಅಂತ ಆ ಸಣ್ಣ ಆಸ್ಪತ್ರೆಗೆ ಎಳೆದುಕೊಂಡು ಹೋದಳು, ಪ್ರತೀಕ್ ಡಾಕ್ಟ್ರು ಸ್ಕ್ಯಾನ್ ಮಿಷನ್ ನೋಡುತ್ತಾ ಸೂಜಿ ಹಾಕಿ ಪ್ರಾಸ್ಟೇಟಿನ ಹನ್ನೆರಡು ಚೂರು ಪರೀಕ್ಷೆಗೆ ತೆಗೆದರು, ಗೋಡೆಗೆ ಮುಖ ಮಾಡಿ ಮಲಗಿದ್ದ ನಾನು ಪ್ರತಿ ಸಲದ ಟಕ್ ಶಬ್ದವನ್ನು ಎಣಿಸಿದ್ದೆ. ವಾರ ಕಳೆದು ರಿಪೋರ್ಟು, ಕ್ಯಾನ್ಸರ್ ಇಲ್ಲ, ಕಮಲ ಅಲ್ಲೇ ಬೆಂಚಿನಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು, ಹೆಂಡತಿ ಹಾಗೆ ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ — ಡಾಕ್ಟ್ರು ಮಾತ್ರ ನಗಲಿಲ್ಲ. ಚೆನ್ನಪ್ಪಣ್ಣ, ನಿಮ್ಮ ಬೋಟಿನಲ್ಲಿ ಫಿಶ್ ಫೈಂಡರ್ ಉಂಟಲ್ವಾ, ಹಳೇದರಲ್ಲಿ ಕಾಣದ ಮೀನು ಹೊಸದರಲ್ಲಿ ಕಾಣುವುದುಂಟಲ್ವಾ, ನನ್ನ ಮಿಷನ್ ಹಳೇದು, ಸೂಜಿ ಅಂದಾಜಿನಲ್ಲಿ ಹಾಕಿದ್ದು, ಇದಕ್ಕೆ ಕಾಣಲಿಲ್ಲ ಅಂದರೆ ಒಳಗೆ ಇಲ್ಲ ಅಂತ ಅಲ್ಲ, ಆ ಹನ್ನೊಂದು ನನಗೆ ಸರಿ ಕಾಣುವುದಿಲ್ಲ, ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಎಂತ ಡಾಕ್ಟ್ರೇ ನೀವು, ಇಲ್ಲ ಅಂತ ಹೇಳಿ ಹೆಂಗಸನ್ನು ಮತ್ತೆ ಹೆದರಿಸುವುದಾ, ನಿಮ್ಮ ನಿಮ್ಮೊಳಗೆ ಕಮಿಷನ್ ಉಂಟಾ ಅಂತ ಕೇಳಿಯೇಬಿಟ್ಟೆ, ಹೊರಗೆ ಕೂತವರೆಲ್ಲ ತಿರುಗಿ ನೋಡಿದರು. ಅವರು ತಲೆ ತಗ್ಗಿಸಿ ಚೀಟಿ ಬರೆದರು, ಬರೆದು ನನಗಲ್ಲ, ಕಮಲಳ ಕೈಗೆ ಕೊಟ್ಟರು. ಒಂದು ತಿಂಗಳು ಹೋಗಲಿಲ್ಲ ನಾನು, ಅವಳು ಬಿಡಲಿಲ್ಲ, ನಿಮ್ಮ ಕೋಪದಿಂದ ನಾಳೆ ನಾನು ಒಂಟಿಯಾಗಬೇಕಾ ಮಾರಾಯ್ರೆ ಅಂದಳು, ಆ ಮಾತಿಗೆ ಎದ್ದೆ. ಮಣಿಪಾಲದ ಮಿಷನ್ ಬೇರೆಯೇ, ಎಳೆ ಎಳೆಯಾಗಿ ತೋರಿಸುತ್ತದಂತೆ, ಅಲ್ಲಿನ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆಗೂ ತಿರುಗಿಸಿದರು, ನೋಡಿ ಇಲ್ಲಿ, ಉದ್ದಿನ ಕಾಳಿನಷ್ಟು ಕಪ್ಪು ಚುಕ್ಕೆ, ಮೊದಲಿನ ಸೂಜಿಗಳು ಇದರ ಆಚೆ ಈಚೆ ಹೋಗಿರಬೇಕು — ಈ ಸಲ ನೇರ ಅದಕ್ಕೇ ಗುರಿ ಇಟ್ಟು ಮೂರು ಚೂರು, ಮೂರರಲ್ಲೂ ಕ್ಯಾನ್ಸರ್ ಇತ್ತು. ಬೇಗ ಸಿಕ್ಕಿತು, ಗ್ರಂಥಿಯಿಂದ ಹೊರಗೆ ದಾಟಿಲ್ಲ ಅಂದರು, ಆಪರೇಷನ್ ಆಯಿತು, ಈಗ ನಡೆಯುತ್ತೇನೆ, ಉಣ್ಣುತ್ತೇನೆ, ಬಸ್ಸಿನಲ್ಲಿ ಕೂತು ಕಿಟಕಿಯ ಗಾಳಿ ಕುಡಿಯುತ್ತೇನೆ, ಗಾಳಿ ಇಷ್ಟು ರುಚಿ ಅಂತ ಕಡಲಿನಲ್ಲಿದ್ದಾಗ ಗೊತ್ತೇ ಇರಲಿಲ್ಲ.

ಇವತ್ತು ಹೊಸ ರಿಪೋರ್ಟನ್ನು ಪ್ರತೀಕ್ ಡಾಕ್ಟ್ರ ಮೇಜಿನ ಮೇಲಿಟ್ಟೆ, ಪಿಎಸ್‌ಎ ಸೊನ್ನೆಯ ಹತ್ತಿರ, ಅವತ್ತು ಹಾಗೆ ಮಾತಾಡಿದ್ದು ತಪ್ಪಾಯಿತು ಅಂದೆ, ಮತ್ತೆ ಕೇಳಿದೆ, ಎಲ್ಲ ಸರಿ ಉಂಟು ಅಂತ ಕಳಿಸಿಬಿಡಬಹುದಿತ್ತಲ್ವಾ ಡಾಕ್ಟ್ರೇ, ನನ್ನ ಕೈಯಲ್ಲಿ ಯಾಕೆ ಬೈಸಿಕೊಂಡಿರಿ. ಅವರು ಕಾಗದ ನೋಡುತ್ತಲೇ ಹೇಳಿದರು. ನನ್ನ ಅಪ್ಪನನ್ನು ಅದೇ ಮಿಷನ್‌ನಲ್ಲಿ ನಾನೇ ನೋಡಿದ್ದು ಚೆನ್ನಪ್ಪಣ್ಣ, ಎಂತದೂ ಇಲ್ಲ ಅಂತ ನಾನೇ ಹೇಳಿದ್ದು, ಮತ್ತೆ ಅವರು ಉಳಿಯಲಿಲ್ಲ. ಪಡುಬಿದ್ರಿ, ಪಡುಬಿದ್ರಿ, ಇಳಿಯುವವರು ಬೇಗ ಅನ್ನುತ್ತಿದ್ದಾನೆ ಕಂಡಕ್ಟರ್, ಇಳಿಯಬೇಕು, ಕಾಪುವಿನ ಬಸ್ಸು ಹಿಡಿಯಬೇಕು, ಕಮಲ ಕಾಯುತ್ತಿರುತ್ತಾಳೆ, ಅವಳಿಗೆ ಹೇಳಬೇಕು, ಹೇಗೆ ಹೇಳಲಿ — ಡಾಕ್ಟ್ರ ಹೆಬ್ಬೆರಳು, ನನ್ನ ರಿಪೋರ್ಟಿನ ಆ ಸೊನ್ನೆಯ ಮೇಲೆ, ಅಳಿಸಿ ಹೋಗುತ್ತದೋ ಎಂಬಂತೆ ಮೆಲ್ಲ ಉಜ್ಜಿ, ಮತ್ತೆ ಉಜ್ಜಿ, ಅಲ್ಲೇ ನಿಂತದ್ದು, ಅವರ ಹೆಬ್ಬೆರಳು