ಹದಿನೇಳರ ಕೂಲಿ

2025ರ ನವೆಂಬರ್ 30, ಭಾನುವಾರ, ಬೆಳಿಗ್ಗೆ 9:40. ಆಸ್ಟ್ರೇಲಿಯಾದ ಕ್ರಾನ್‌ಬರ್ನ್‌ ಊರಿನ ಆಚೆಗಿದ್ದ ಸ್ಟ್ರಾಬೆರಿ ತೋಟಕ್ಕೆ ಅನಸೂಯಾ ಎರಡು ಡಬ್ಬಿ ಕೇಸರಿಬಾತ್ ತಂದಳು. ರಜೆಯಲ್ಲಿ ಅಲ್ಲಿ ಹಣ್ಣು ಕೀಳುತ್ತಿದ್ದ ಮಗಳು ಆದ್ಯಾಳ ಜನ್ಮನಕ್ಷತ್ರ, ಮಾರ್ಗಶಿರದ ಉತ್ತರಾಭಾದ್ರ, ಅಂದು ಬಿದ್ದಿತ್ತು. ತಾರೀಕಿನ ಹುಟ್ಟುಹಬ್ಬ ಡಿಸೆಂಬರ್ 18ಕ್ಕೆ. ಶೆಡ್ಡಿನಲ್ಲಿದ್ದವರಿಗೆಲ್ಲ ಅನಸೂಯಾ ಮಗಳಿಗೆ ಹದಿನೆಂಟು ತುಂಬಿತೆಂದು ಹೇಳಿ ಹಂಚಿದಳು. ಸೂಪರ್‌ವೈಸರ್ ಡೀನ್ ಎರಡು ಸಲ ಹಾಕಿಸಿಕೊಂಡ.

ಸಂಜೆ ಮುಂದಿನ ವಾರ ಯಾರಿಗೆ ಯಾವ ಪಾಳಿ ಎಂಬ ರೋಸ್ಟರ್ ಫೋನಿಗೆ ಬಂತು. ಅದರಲ್ಲಿ ಆದ್ಯಾಳ ಹೆಸರಿರಲಿಲ್ಲ.

"ಅಮ್ಮಾ, ಯಾಕ್ ಹೇಳ್ದೆ? ಹದಿನೇಳಕ್ಕೆ ದೊಡ್ಡವರ ರೇಟಿನ ಸೆವೆಂಟಿ ಪರ್ಸೆಂಟ್, ಹದಿನೆಂಟಕ್ಕೆ ಎಯ್ಟಿ. ಆದ ತಕ್ಷಣ ಶಿಫ್ಟ್ ಕಟ್ ಮಾಡ್ತಾನೆ ಅವ್ನು!"

"ನಕ್ಷತ್ರದ ಲೆಕ್ಕ ಅವನಿಗೆ ಬಿಡಿಸಿ ಹೇಳ್ಬೇಕಿತ್ತಾ? ಕೇಸರಿಬಾತ್ ಮಾತ್ರ ಚಪ್ಪರಿಸ್ಕೊಂಡು ತಿಂದ."

ಆದ್ಯಾ ಕೂರಲಾರದೆ ಅಡುಗೆಮನೆಯಲ್ಲೇ ಅತ್ತಿತ್ತ ಓಡಾಡಿದಳು. ಫೆಬ್ರವರಿಯಿಂದ ಅವಳ ಓದು ಸಿಡ್ನಿಯಲ್ಲಿ. ಅಲ್ಲಿನ ಚಾಟ್ಸ್‌ವುಡ್‌ನಲ್ಲಿ ಅಮ್ಮನ ಗೆಳತಿ ಅಪರ್ಣ ಆಂಟಿ ಒಂದು ರೂಮನ್ನು ಕ್ರಿಸ್‌ಮಸ್‌ವರೆಗೆ ಬೇರೆಯವರಿಗೆ ಕೊಡದಂತೆ ಹೇಳಿಟ್ಟಿದ್ದರು. ಅದರ ಮುಂಗಡ ತನ್ನ ದುಡ್ಡಿನಲ್ಲೇ ಎಂದು ಅಪ್ಪನೆದುರು ಜಂಬ ಕೊಚ್ಚಿದ್ದಾಗಿತ್ತು. ಅದಕ್ಕೆ ಇನ್ನೂ ಎರಡು ವಾರದ ಕೆಲಸ ಬೇಕಿತ್ತು.

"ಹೋಗಿ ಹೇಳು, ಇನ್ನೂ ಹದಿನೇಳೇ ಅಂತ," ಎಂದಳು ಅನಸೂಯಾ.

"ಅಂದ್ರೆ, ನಾನಿನ್ನೂ ಚೀಪ್ ಅಂತಾನಾ? ಹಣೆಗೆ ಸೇಲ್ ಸ್ಟಿಕರ್ ಹಚ್ಕೊಂಡು ಹೋಗ್ಲಾ?"

ಆದರೂ ಹೋದಳು. ಮರುದಿನ ಬೆಳಿಗ್ಗೆ ಅವಳು ಚಾಚಿದ, ಡ್ರೈವಿಂಗ್ ಕಲಿಯುವವರ ಎಲ್‌ಎಲ್ ಕಾರ್ಡಿನ ಮೇಲಿನ ಜನ್ಮದಿನಾಂಕವನ್ನು ಓದಿ ಡೀನ್ ನಕ್ಕ. ಹಾಗಾದರೆ ಹದಿನೇಳನೇ ತಾರೀಕಿನವರೆಗೆ ಬರಬಹುದು, ಈಗಲೇ ಶುರು ಮಾಡು ಎಂದ. ಬೇಕಾದದ್ದು ಸಿಕ್ಕಿತು. ಆದರೆ ಕಾರ್ಡನ್ನು ಜೇಬಿಗೆ ಹಾಕಿಕೊಳ್ಳುವಾಗ ಅವಳ ಕಿವಿ ಬಿಸಿಯಾಗಿತ್ತು.

ಗಂಟೆಗೆ ಇಪ್ಪತ್ತು ಕಿಲೋ ಕೀಳಬೇಕು. ಈ ನಿಯಮಕ್ಕೆ ವಯಸ್ಸಿನ ರಿಯಾಯಿತಿ ಇರಲಿಲ್ಲ. ಎಪ್ಪತ್ತು ಪರ್ಸೆಂಟ್ ಕೂಲಿಗೆ ಎಪ್ಪತ್ತು ಪರ್ಸೆಂಟ್ ಹಣ್ಣು, ಅಂದರೆ ಹದಿನಾಲ್ಕೇ ಕಿಲೋ ಎಂದು ಸಾಲಿನ ತುದಿಯಲ್ಲಿ ನಿಂತು ನಿಶ್ಚಯಿಸಿದಳು. ನಿಧಾನವಾಗಿ ಬಗ್ಗಿದಳು. ನೀರು ಕುಡಿದಳು. ಟೋಪಿ ಸರಿಮಾಡಿಕೊಂಡಳು. ಮತ್ತೆ ನೀರು ಕುಡಿದಳು. ಪಕ್ಕದ ಸಾಲಿನವರು ಮುಂದೆ ಹೋಗುವುದು ಕಂಡಿತು. ಎಲೆ ಸರಿಸಿದರೆ ಕೆಂಪು ಕಾಣುತ್ತಿತ್ತು. ಕಂಡದ್ದನ್ನು ಬಿಟ್ಟು ಮುಂದೆ ಹೋಗಲು ಬೆರಳು ಒಪ್ಪಲಿಲ್ಲ. ನಿಲ್ಲು ಎಂದುಕೊಂಡಷ್ಟೂ ಕೈ ಚುರುಕಾಯಿತು.

ಗಂಟೆ ಮುಗಿದಾಗ ಅವಳ ಟ್ರೇಗಳನ್ನೆಲ್ಲ ತಕ್ಕಡಿಗೆ ಇಟ್ಟರು. 20.4 ಕಿಲೋ.